ಯಂತ್ರದ ತಪ್ಪು

ತನ್ನ ಅಕ್ಕ ಮಹಾದೇವಿಯನ್ನು ಕೊಂದ ಕಾರು ಯಾರದೆಂದು ಪರಮಾನಂದನಿಗೆ ಗೊತ್ತಿತ್ತು. ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಹೆದ್ದಾರಿ ದಾಟುತ್ತಿದ್ದವಳಿಗೆ ಗುದ್ದಿದವನು ಮುನೀಂದ್ರ, ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಇಂಜಿನಿಯರು. ದಾಟಬಾರದ ಕಡೆ ದಾಟಿದಳು ಎಂದು ಕೇಸು ಮುಗಿದುಹೋಯಿತು. ದಾಟಬಹುದಾದ ಕಡೆ ಎಂಬುದು ಆ ರಸ್ತೆಯಲ್ಲಿ ಎಲ್ಲೂ ಇರಲಿಲ್ಲ. ತಾಯಿಯಿಲ್ಲದ ತಮ್ಮನನ್ನು ವಿಜಯಪುರದಿಂದ ಕರೆತಂದು, ತನ್ನ ಬಾಡಿಗೆ ಕೋಣೆಯಲ್ಲೇ ಇಟ್ಟುಕೊಂಡು, ಡ್ರೈವಿಂಗ್ ಶಾಲೆಗೆ ಸೇರಿಸಿದವಳು ಅವಳು.

ಮುನೀಂದ್ರ ಈಗ ಡ್ರೈವರ್ ಇಲ್ಲದೆ ಓಡುವ ಕಾರು ಮಾಡುತ್ತಿದ್ದಾನೆ, ಪರೀಕ್ಷೆಯ ಹೊತ್ತಿನಲ್ಲಿ ಸೀಟಿನಲ್ಲಿ ಕೂರಲು ಒಬ್ಬ ಡ್ರೈವರ್ ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಪರಮಾನಂದ ಹೋಗಿ ಸೇರಿಕೊಂಡ. ಕೋರ್ಟಿಗೆ ಅಲೆದವನು ಅಕ್ಕನ ಗಂಡ; ತಮ್ಮನ ಮುಖವನ್ನು ಮುನೀಂದ್ರ ನೋಡಿರಲಿಲ್ಲ.

ಮುನೀಂದ್ರನಿಗೆ ಮಾತಿನ ಹುಚ್ಚು.

"ಇನ್ನು ಹತ್ತು ವರ್ಷ ಬಿಡು ಪರಮಾನಂದ, ಈ ಸಿಟಿನೇ ಬೇರೆ ಥರ ಇರತ್ತೆ. ಕಾರು ನಮ್ಮನ್ನ ಇಳಿಸಿ ಇನ್ನೊಬ್ರನ್ನ ಕರ್ಕೊಂಡು ಬರೋಕೆ ತಾನೇ ಹೋಗತ್ತೆ. ಪಾರ್ಕಿಂಗೇ ಬೇಡ, ಆ ಜಾಗದಲ್ಲೆಲ್ಲಾ ಮರ ಹಾಕ್ಬೋದು. ಜನ ಎಲ್ಲಿ ಬೇಕಾದ್ರೂ ರಸ್ತೆ ದಾಟ್ಬೋದು."

"ದಾಟಾಕ ಜನ ಉಳಿದಿರಬೇಕಲ್ರಿ ಸಾರ್," ಎಂದ ಪರಮಾನಂದ.

ಮುನೀಂದ್ರ ತಟ್ಟನೆ ಎದ್ದು ಹೋದ. ಕೊಬ್ಬು ಎಂದುಕೊಂಡ ಪರಮಾನಂದ.

ಯೋಚನೆ ಸರಳವಾಗಿತ್ತು. ಕಂಪನಿಯ ಕಾಂಪೌಂಡಿನೊಳಗಿನ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಕಾರನ್ನು ಪರೀಕ್ಷಿಸಲು ಮುನೀಂದ್ರ ಅದಕ್ಕೆ ಎದುರಾಗಿ ನಡೆದು ಬರುತ್ತಿದ್ದ. ಕಾರು ತಾನಾಗಿ ನಿಲ್ಲುತ್ತಿತ್ತು. ಯಂತ್ರಕ್ಕೆ ಬಿಟ್ಟರೆ ಅದು ನಿಂತೇ ನಿಲ್ಲುತ್ತದೆ. ಆದ್ದರಿಂದ ಕಾರನ್ನು ಯಂತ್ರಕ್ಕೆ ಒಪ್ಪಿಸುವ ಸ್ವಿಚ್ಚನ್ನೇ ಒತ್ತದೆ ತನ್ನ ಕಾಲಿನಿಂದಲೇ ಓಡಿಸಬೇಕು, ಆಮೇಲೆ ಯಂತ್ರ ಓಡಿಸಿತು ಎನ್ನಬೇಕು. ಹೋದ ತಿಂಗಳಷ್ಟೇ ಅದು ದಾರಿ ತಪ್ಪಿ ಹೂಗಿಡಗಳ ಮೇಲೆ ಹತ್ತಿತ್ತು, ಯಾರೂ ಅನುಮಾನಪಡುವುದಿಲ್ಲ. ಓಡಾಟವನ್ನೆಲ್ಲ ದಾಖಲಿಸುವ ಪೆಟ್ಟಿಗೆಯ ವೈರು ಸೀಟಿನ ಕೆಳಗೆ ಹಾದುಹೋಗಿತ್ತು, ಆಗಾಗ ಕಳಚಿಕೊಳ್ಳುತ್ತಿತ್ತು. ಹಿಮ್ಮಡಿಯಿಂದ ಎಳೆದರೆ ಸಾಕು. ಯಂತ್ರವನ್ನು ಜೈಲಿಗೆ ಹಾಕುವವರಿಲ್ಲ. ಅಕ್ಕನ ಸಾವಿಗೆ ಯಾರೂ ಹೊಣೆಯಾಗಲಿಲ್ಲ. ಈ ಸಾವಿಗೂ ಯಾರೂ ಹೊಣೆಯಾಗುವುದಿಲ್ಲ. ಇದು ಅವನಿಗೆ ಬಹಳ ಹಿಡಿಸಿತು.

ಆ ಬೆಳಿಗ್ಗೆ ಅವನು ಕಾರಿನಲ್ಲಿ ಕೂತು, ಗಾಜು ಏರಿಸಿ, ವೈರು ಕಳಚಿದ. ಮುನೀಂದ್ರ ಆ ತುದಿಯಿಂದ ಏನೋ ಕೂಗಿ ಹೇಳುತ್ತಾ ಬಂದ. ಕೇಳಿಸಲಿಲ್ಲ. ಪರಮಾನಂದ ಆಕ್ಸಿಲರೇಟರ್ ತುಳಿದ. ಕಾರು ಹತ್ತಿರ ಬಂದರೂ ಮುನೀಂದ್ರ ಪಕ್ಕಕ್ಕೆ ಸರಿಯಲಿಲ್ಲ, ನಿಲ್ಲುತ್ತದೆಂದೇ ನಂಬಿದ್ದಂತಿತ್ತು.

ಎದೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಅಕ್ಕನ ಮುಖ ನೆನೆಯಲು ನೋಡಿದ, ಬರಲಿಲ್ಲ. ಪೊಲೀಸರು ಬಂದಾಗ ಮಾತ್ರ ಬಾಯಿಪಾಠ ಮಾಡಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದ.

"ನಾ ಸ್ಟಿಯರಿಂಗ್ ಮುಟ್ಟೇ ಇಲ್ರಿ ಸಾರ್. ಕಾರು ತಾನಾಗಿ ಓಡಿತ್ರಿ. ನಾ ಬ್ರೇಕ್ ಹಾಕೂದ್ರಾಗ ಎಲ್ಲಾ ಮುಗಿದು ಹೋತ್ರಿ."

ಇನ್‌ಸ್ಪೆಕ್ಟರ್ ತಲೆಯಾಡಿಸಿದರು. ಪಕ್ಕದಲ್ಲಿ ಮುನೀಂದ್ರನ ಕೈಕೆಳಗಿನ ಇಂಜಿನಿಯರ್ ವೇಣಿ ಅಳುತ್ತಾ ನಿಂತಿದ್ದಳು. ಈ ಮಾತು ಕೇಳಿ ಅವಳ ಅಳು ನಿಂತುಹೋಯಿತು. ಪರಮಾನಂದನನ್ನೇ ನೋಡುತ್ತಾ ಕಾರಿನ ಹಿಂದಕ್ಕೆ ಹೋಗಿ ಡಿಕ್ಕಿಯ ಮುಚ್ಚಳ ಎತ್ತಿದಳು. ಒಳಗೆ ಬರಿದಾದ ಕಬ್ಬಿಣದ ಚೌಕಟ್ಟು, ಇಳಿಬಿದ್ದ ವೈರುಗಳು. "ಕಾರು ಓಡಿಸೋ ಕಂಪ್ಯೂಟರ್ ನಿನ್ನೆ ಸಂಜೆನೇ ಬಿಚ್ಕೊಂಡು ಲ್ಯಾಬಿಗೆ ತಗೊಂಡು ಹೋದ್ವಿ ಸಾರ್," ಎಂದಳು ಇನ್‌ಸ್ಪೆಕ್ಟರಿಗೆ. "ರಸ್ತೆ ದಾಟೋರನ್ನ ಅದು ಇನ್ನೂ ದೂರದಿಂದ್ಲೇ ಗುರುತು ಹಿಡೀಬೇಕು ಅಂತ ಮುನೀಂದ್ರ ಸಾರ್ ಹಟ ಹಿಡಿದಿದ್ರು. ಇವತ್ತು ಕೈಯಲ್ಲೇ ಓಡ್ಸು ಅಂತ ಇವರಿಗೆ ಹೇಳೋಕೇ ಅವರು ಹೋಗಿದ್ದು."