ಬಿಸಿ ತೊಟ್ಟಿಯ ಗುಲಾಬಿ

"ಮುಟ್ಟಬೇಡ ಅಂದೆ! ಇನ್ನೊಂದು ಸಲ ಆ ತೊಟ್ಟಿಗೆ ಕೈ ಹಾಕಿದರೆ ಕೈ ಮುರಿದುಬಿಡ್ತೀನಿ!"

"ಕಿರುಚಬೇಡ ಕಣೇ... ಪಂಪಿಗಿಂತ ಜೋರಾಗಿ ಕೂಗ್ತಿದೀಯ. ಹೊರಗೆ ಎಲ್ಲರಿಗೂ ಕೇಳುತ್ತೆ."

"ಕೇಳಲಿ! ಊರಿಗೆಲ್ಲ ಕೇಳಲಿ! ನಾಲ್ಕನೇ ತೊಟ್ಟಿಯ ಪಾಚಿ ಬದಲಾಯಿಸಿದ್ದು ನೀನೇ ತಾನೆ? ಹೌದು ಅನ್ನು, ಇಲ್ಲ ಅನ್ನು. ಒಂದೇ ಮಾತು!"

ಅವನು ಒದ್ದೆ ನೆಲ ನೋಡುತ್ತ ನಿಂತ.

"ಹೌದು."

ಒಂದೇ ಮಾತು ಕೇಳಿದ್ದಳು. ಒಂದೇ ಮಾತು ಸಿಕ್ಕಿತು. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕಡಲ ದಂಡೆಯ ಆ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಪಾಚಿಯಮ್ಮ ಅಂತಲೇ ಕರೆಯುತ್ತಿದ್ದರು. ಇನ್ನೂ ಮೂವತ್ತು ದಾಟದ ಹುಡುಗಿಗೆ ಅಜ್ಜಿಯ ಹೆಸರು! ಅವಳಿಗೆ ಬೇಸರವೇನೂ ಇರಲಿಲ್ಲ. ಅವಳ ಜೀವವೆಲ್ಲ ಕಲ್ಲುಪಾಚಿಯ ಮೇಲೆಯೇ ಇತ್ತು. ಹವಳದ ದಿಬ್ಬಕ್ಕೆ ಯಾರೋ ಗುಲಾಬಿ ಬಣ್ಣ ಬಳಿದಂತೆ ಹರಡುವ ಪಾಚಿ ಅದು. ಮುಟ್ಟಿದರೆ ಕಲ್ಲು. ಕಡಲ ನೀರಿನಿಂದಲೇ ಸುಣ್ಣ ತೆಗೆದು ಮೈ ಕಟ್ಟಿಕೊಳ್ಳುತ್ತದೆ. ಒಡೆದ ಹವಳದ ಚೂರುಗಳನ್ನು ಗಾರೆಯಂತೆ ಹಿಡಿದು ಕೂರಿಸುತ್ತದೆ. ಅದು ಸತ್ತರೆ ದಿಬ್ಬ ಬರೀ ಜಲ್ಲಿ ರಾಶಿ.

ಕಡಲು ಬಿಸಿಯಾಗುತ್ತಿದೆ. ನಮ್ಮ ಹೊಗೆ ಕುಡಿದು ಕುಡಿದು ಹುಳಿಯಾಗುತ್ತಿದೆ. ಈ ಪಾಚಿ ತಾಳೀತೆ? ಅದನ್ನು ತಿಳಿಯಲೆಂದೇ ಅವಳು ನಾಲ್ಕು ಗಾಜಿನ ತೊಟ್ಟಿ ಇಟ್ಟಿದ್ದಳು. ಮೊದಲನೆಯದರಲ್ಲಿ ಇವತ್ತಿನ ಕಡಲು. ಎರಡನೆಯದು ಬಿಸಿ. ಮೂರನೆಯದು ಹುಳಿ. ನಾಲ್ಕನೆಯದು ಬಿಸಿಯೂ ಹೌದು, ಹುಳಿಯೂ ಹೌದು. ಮುಂದೆ ಬರಲಿರುವ ಕಡಲು.

"ಉಪ್ಪಂತೂ ಇದ್ದೇ ಇದೆ, ಒಂಚೂರು ಖಾರ ಹಾಕಿದರೆ ಊಟಕ್ಕೇ ಆಯ್ತು" ಎಂದು ಅವನು ನಗಿಸುತ್ತಿದ್ದ.

ಅವನು ಕೇಂದ್ರದ ಡೈವರ್. ಅಡ್ಡಹೆಸರು ನೀರುಕೋಳಿ. ಅವರಿಬ್ಬರೂ ಮೊದಲು ಎದುರಾದದ್ದೇ ನೀರಿನಡಿಯಲ್ಲಿ. ಅವಸರದಲ್ಲಿ ಆಳಕ್ಕಿಳಿದ ಅವಳ ಕಿವಿಯ ತಮಟೆ ಒಡೆದಾಗ, ಸೊಂಟ ಹಿಡಿದು ದೋಣಿಗೆ ತಂದು ಹಾಕಿದವನು ಅವನು. ಕಿವಿಯಿಂದ ರಕ್ತ ಸುರಿಯುತ್ತಿತ್ತು.

"ಏನೂ ಆಗಿಲ್ಲ ರೀ. ಎಂಟು ದಿನದಲ್ಲಿ ನನ್ನ ಜೊತೆ ಮತ್ತೆ ಮುಳುಗ್ತೀರ, ನೋಡ್ತಿರಿ!" ಎಂದಿದ್ದ.

ಡಾಕ್ಟರು, ಇನ್ನು ಜನ್ಮದಲ್ಲಿ ಮುಳುಗುವಂತಿಲ್ಲ ಎಂದರು. ಅವನು ಹೇಳಿದ್ದು ಸುಳ್ಳು. ಆ ಸುಳ್ಳಿಗೇ ಅವಳು ಮನಸೋತಳು!

ಅಂದಿನಿಂದ ಅವಳ ಕಣ್ಣು ಅವನೇ. ದಿನವೂ ದೋಣಿ ಇಳಿದು ಬಂದವನನ್ನು ಕೇಳುತ್ತಿದ್ದಳು, "ಕೆಳಗೆ ಹೇಗಿದೆಯೋ?"

"ನಿನ್ನ ಕೆನ್ನೆ ಥರಾನೇ ಇದೆ. ಗುಲಾಬಿ."

ಅವಳು ನಂಬುತ್ತಿದ್ದಳು. ಬೇರೆ ಯಾರನ್ನು ಕೇಳಬೇಕಿತ್ತು?

ಪ್ರಯೋಗ ಶುರು ಮಾಡಿದ ದಿನ ಪಾಚಿಯ ಪ್ರತಿ ಚೂರನ್ನೂ ಕೆಂಪು ಬಣ್ಣದ ನೀರಿನಲ್ಲಿ ಅದ್ದಿ ತೆಗೆದಿದ್ದಳು. ಆ ದಿನದ ಗುರುತು ಪಾಚಿಯ ಮೈಯೊಳಗೆ ಕೆಂಪು ಗೆರೆಯಾಗಿ ಉಳಿಯುತ್ತದೆ. ಆಮೇಲೆ ಬೆಳೆದದ್ದೆಲ್ಲ ಗೆರೆಯ ಮೇಲೆ. ಇವತ್ತು ಅಳೆಯಲೆಂದು ಕೆಲವನ್ನು ಕತ್ತರಿಸಿದಳು. ನಾಲ್ಕನೇ ತೊಟ್ಟಿಯ ಚೂರುಗಳಲ್ಲಿ ಗೆರೆಯೇ ಇಲ್ಲ! ಒಂದರಲ್ಲೂ ಇಲ್ಲ! ಚೂರು ಅಂಟಿಸಿದ ಬಿಲ್ಲೆ ಅವಳದು, ಅಂಟು ಅವಳದು. ಪಾಚಿ ಮಾತ್ರ ಬೇರೆ.

"ಯಾಕೋ?" ಈಗ ಅವಳ ದನಿ ಇಳಿದಿತ್ತು. "ಯಾಕೋ ಹೀಗೆ ಮಾಡಿದೆ?"

"ಮೊದಲ ಚೂರು ಬೆಳ್ಳಗಾದ ದಿನ ನೀನು ಗಾಜಿಗೆ ಹಣೆ ಒತ್ತಿಕೊಂಡು ಅತ್ತೆ. ಊಟ ಬಿಟ್ಟೆ. ನನಗೆ ನೋಡೋಕಾಗಲಿಲ್ಲ ಕಣೇ... ಒಂದೇ ಒಂದನ್ನ ಬದಲಾಯಿಸಿದೆ. ಮರುದಿನ ಅದನ್ನ ನೋಡಿ, ಚೇತರಿಸಿಕೊಂಡಿದೆ ಅಂತ ನನ್ನ ಕುತ್ತಿಗೆಗೆ ಜೋತುಬಿದ್ದೆ. ಆಮೇಲೆ ಹೇಗೆ ನಿಲ್ಲಿಸಲಿ, ನೀನೇ ಹೇಳು?"

"ಅದು ಸಾಯೋದಿದ್ದರೆ ನನ್ನ ಕಣ್ಣೆದುರು ಸಾಯಬೇಕಿತ್ತು! ಅದನ್ನ ನೋಡೋಕೇ ನಾನಿಲ್ಲಿ ಕೂತಿರೋದು! ರೋಗ ಮುಚ್ಚಿಟ್ಟು ಸಂಬಂಧ ಕುದುರಿಸಿದ ಹಾಗೆ ಮಾಡಿದೆಯಲ್ಲೋ, ಪಾಪಿ!"

ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು.

"ದಿಬ್ಬದ ಮೇಲಿಂದ ತಾನೆ ತಂದದ್ದು? ಅಲ್ಲಿ ಎಲ್ಲ ಗುಲಾಬಿ ಅಂತಿದ್ದೆಯಲ್ಲ?"

ಅವನು ತೊಟ್ಟಿಯ ಕಡೆ ಮುಖ ತಿರುಗಿಸಿದ.

"ಮಾತಾಡೋ!"

"ದಿಬ್ಬದ ಮೇಲೆ ಏನೂ ಇಲ್ಲ ಕಣೇ."

"ಏನೂ ಇಲ್ಲ ಅಂದರೆ?"

"ಹೋದ ಬೇಸಿಗೆಗೇ ಬಿಳಿಚಿಕೊಂಡು ಹೋಯ್ತು. ಈಗ ಮೇಲೆಲ್ಲ ಹಸಿರು ಲೋಳೆ. ಕೈಯಿಟ್ಟರೆ ಹವಳ ಪುಡಿಪುಡಿಯಾಗಿ ಉದುರುತ್ತೆ. ಆಳದಲ್ಲಿ, ಬಂಡೆಯ ಸಂದಿಯ ತಣ್ಣೀರಲ್ಲಿ ಒಂದಿಷ್ಟು ಉಳಿದಿತ್ತು..."

"ಉಳಿದಿತ್ತು?"

"ಅದನ್ನೇ ಕೆತ್ತಿ ತರ್ತಿದ್ದೆ. ಈಗ ಅದೂ ಮುಗೀತು."

ಬದುಕಿದೆ ಎಂದು ತೋರಿಸಲು, ಬದುಕಿದ್ದನ್ನೇ ಕೊಂದಿದ್ದ! ಸತ್ತ ದಿಬ್ಬದ ಸುದ್ದಿ ಕೇಳುತ್ತ ಕೇಳುತ್ತ ದಿನವೂ ಕೆನ್ನೆ ಕೆಂಪಾಗಿಸಿಕೊಂಡಿದ್ದೆನಲ್ಲ... ಎಂಥ ಪೆದ್ದಿ ನಾನು!

ಬಾಗಿಲು ಧಡ್ ಎಂದು ತೆರೆಯಿತು. ಕೇಂದ್ರದ ಮುಖ್ಯಸ್ಥೆ. ಎಲ್ಲರೂ ದೊಡ್ಡ ಮೇಡಂ ಅನ್ನುವ, ನೆರೆಗೂದಲಿನ ಹೆಂಗಸು.

"ಏನ್ರಮ್ಮಾ ಇದು, ಮೀನು ಮಾರ್ಕೆಟ್ಟಾ? ನನ್ನ ರೂಮಿನ ತನಕ ಕೇಳ್ತಿದೆ! ಏನು ವಿಷಯ?"

ಅವಳು ಉಸಿರೆಳೆದುಕೊಂಡಳು. "ಮೇಡಂ, ನಾಲ್ಕನೇ ತೊಟ್ಟಿಯಲ್ಲಿ ಗೆರೆ ಇಲ್ಲ."

"ಹಾಂ?"

ಅಷ್ಟರಲ್ಲೇ ಅವನು ಮುಂದೆ ಬಂದ. ಹಸನ್ಮುಖಿ! ಏನೂ ನಡೆದೇ ಇಲ್ಲವೆಂಬಂತೆ!

"ಅದೇನಿಲ್ಲ ಮೇಡಂ. ಆವತ್ತು ಆ ತೊಟ್ಟಿಯದಕ್ಕೆ ಬಣ್ಣ ಸರಿಯಾಗಿ ಹತ್ತಿರಲಿಲ್ಲ. ನಾನೇ ಅದ್ದಿದ್ದು, ನನ್ನದೇ ತಪ್ಪು. ಪಾಚಿ ಚೆನ್ನಾಗೇ ಇದೆ. ಇವಳು ಸುಮ್ಮನೆ ಗಾಬರಿಯಾಗಿದಾಳೆ."

ಎಷ್ಟು ಸಲೀಸಾಗಿ ಹೇಳಿದ! ಕಣ್ಣೆವೆ ಕೂಡ ಅಲುಗಲಿಲ್ಲ. ಗೊತ್ತಿಲ್ಲದಿದ್ದರೆ ಅವಳೇ ನಂಬಿಬಿಡುತ್ತಿದ್ದಳು. ಅವಳ ಎದೆ ಒಡೆದದ್ದು ಆಗ. ಪಾಚಿಗಾಗಿ ಅಲ್ಲ, ದಿಬ್ಬಕ್ಕಾಗಿಯೂ ಅಲ್ಲ.

"ಸುಳ್ಳು ಮೇಡಂ" ಎಂದಳು. "ಬಿಸಿ, ಹುಳಿ ಎರಡೂ ಸೇರಿದರೆ ಇದು ತಾಳಲ್ಲ. ಸತ್ತಿದೆ. ಸತ್ತದ್ದನ್ನ ತೆಗೆದು ಹೊಸದು ಅಂಟಿಸಿದಾರೆ. ಹೊರಗೆ ದಿಬ್ಬವೂ ಹೋಗಿದೆ. ಪಾಚಿ ತಾಳುತ್ತೆ ಅಂತ ನಾನು ಬರೆದಿದ್ದೆಲ್ಲ ತಪ್ಪು."

ದೊಡ್ಡ ಮೇಡಂ ಇಬ್ಬರನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿನ್ನ ಹೆಸರು ಕೆಡುತ್ತಮ್ಮಾ."

"ಕೆಡಲಿ."

"ಮತ್ತೆ ಶುರು ಮಾಡೋಕೆ ಪಾಚಿ?"

"ಮೊದಲನೇ ತೊಟ್ಟಿಯಲ್ಲಿ ಒಂದು ಹಿಡಿ ಇದೆ."

ಅವರು ತಲೆಯಾಡಿಸಿ ಹೋದರು. ಬಾಗಿಲು ಮುಚ್ಚಿತು.

"ನಿನ್ನ ಕೆಲಸ ಉಳಿಸೋಣ ಅಂತ ಹೇಳಿದೆ ಕಣೇ..."

"ಗೊತ್ತು."

"ಇನ್ಮೇಲೆ ಸುಳ್ಳು ಹೇಳಲ್ಲ. ನಿನ್ನಾಣೆ!"

"ಆಣೆ ಹಾಕಬೇಡ." ಅವಳು ಅವನ ಕೈ ಹಿಡಿದುಕೊಂಡಳು. ಉಪ್ಪುನೀರಿಗೆ ಬಿರಿದ, ಒರಟು ಕೈ. "ನಿನ್ನ ಲಾಭಕ್ಕೆ ಹೇಳಿದ್ದರೆ ನಾಲ್ಕು ಬೈದು ಸುಮ್ಮನಾಗ್ತಿದ್ದೆ. ನನಗೋಸ್ಕರ ಹೇಳ್ತೀಯಲ್ಲ, ಅದಕ್ಕೆ ಭಯ ಕಣೋ. ನಾಳೆ ನಮಗೊಂದು ಮಗುವಾಗಿ ಅದಕ್ಕೆ ಜ್ವರ ಬಂದರೂ, ನಾನು ಹೆದರ್ತೀನಿ ಅಂತ ಮೈ ತಣ್ಣಗಿದೆ ಅಂತೀಯ."

ಅವನ ಕಣ್ಣು ತುಂಬಿತು. ಇಲ್ಲ ಅನ್ನಲು ಹೊರಟವನು ಅನ್ನಲಿಲ್ಲ.

"ನಿನ್ನನ್ನ ಪ್ರೀತಿಸ್ತೀನಿ. ಇದನ್ನೂ ನಂಬಲ್ವಾ?"

"ಇದನ್ನ ನಂಬ್ತೀನಿ. ನಾನೂ ಅಷ್ಟೇ... ನಿನಗಿಂತ ಒಂದು ಗುಲಗಂಜಿ ಹೆಚ್ಚೇ."

"ಆದರೂ?"

ಅವಳು ತಲೆಯೆತ್ತಲಿಲ್ಲ. "ಆದರೂ..."

ಅವನು ಮೆಲ್ಲಗೆ ಕೈ ಬಿಡಿಸಿಕೊಂಡ. ತೊಟ್ಟಿಯ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಅವಳ ಕೆನ್ನೆಯ ಮೇಲಿನ ನೀರನ್ನು ಹೆಬ್ಬೆರಳಿನಿಂದ ಒರೆಸಿ, ಬಾಗಿಲ ಕಡೆ ನಡೆದ.

"ಏನೂ ಹೇಳದೆ ಹೊರಟೆಯಲ್ಲೋ!" ಅವಳು ಎರಡು ಹೆಜ್ಜೆ ಹಿಂದೆಯೇ ಬಂದಳು. "ಹೋಗಿ ಬರ್ತೀನಿ ಅನ್ನೋದಿಲ್ವಾ?"

ಅವನು ಹೊಸ್ತಿಲ ಮೇಲೆ ನಿಂತ. ತಿರುಗಿದ. ಒಂದು ಗಳಿಗೆ ತುಟಿ ಅಲುಗಿತು, ಹಳೆಯ ಅಭ್ಯಾಸ... ತಡೆದುಕೊಂಡ.

"ಹೋಗ್ತೀನಿ ಕಣೇ" ಎಂದ.

ಆ ಒಂದು ಮಾತನ್ನಾದರೂ ಅವನು ಸುಳ್ಳು ಮಾಡುತ್ತಾನೆಂದು ಅವಳು ಕಾದಳು.

ಅವನು ಮಾಡಲಿಲ್ಲ.