ದುಕೂಲದ ಪೆಟ್ಟಿಗೆ

ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ರತ್ನಾವತಿ ಚೀರಿದಳು.

“ಇದು ನಮ್ಮದಲ್ಲ!”

ಉಡುಪಿಯ ಸಾಹಿತ್ಯ ಸಭೆಯಲ್ಲಿ ಗುಸುಗುಸು ಎದ್ದಿತು. ಕಾರ್ಕಳದ ಅವಳ ಜೈನ ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಉತ್ತರೀಯ ಅದರಲ್ಲಿರಬೇಕಿತ್ತು. ಮನೆಯವರು ಅದನ್ನು ‘ದುಕೂಲ’ ಎಂದೇ ಕರೆಯುತ್ತಿದ್ದರು. ಈಗ ಅಲ್ಲಿದ್ದದ್ದು ಹಳದಿಗಟ್ಟಿದ ಬಿಳಿ ರೇಷ್ಮೆ.

“ಅಜ್ಜಿ ತೀರಿದ ಮೇಲೆ ಪೆಟ್ಟಿಗೆ ತೆರೆದೇ ಇಲ್ಲ ಅಂದಿದ್ದಿರಿ,” ಎಂದ ಓಸ್ವಾಲ್ಡ್ ಮೆಲ್ಲಗೆ. “ಚಿಕ್ಕಂದಿನ ನೆನಪು ಅಲ್ವಾ?”

“ನೆನಪಲ್ಲ. ಕೈಯಲ್ಲಿ ಮುಟ್ಟಿದ್ದೇನೆ. ಕದ್ದಿದ್ದಾರೆ!”

ಸಭೆಗೆಂದು ರತ್ನಾವತಿ ಹಿಂದಿನ ದಿನವೇ ತಂದುಕೊಟ್ಟ ಪೆಟ್ಟಿಗೆ ಇದ್ದದ್ದು ಕಾಪುವಿನ ಓಸ್ವಾಲ್ಡನ ಮನೆಯಲ್ಲಿ, ಅವನ ಹೆಂಡತಿ ಇಮೆಲ್ಡಾಳ ಕಪಾಟಿನಲ್ಲಿ. ಸಭೆಯ ಕಣ್ಣೆಲ್ಲ ಅವಳ ಕಡೆ ತಿರುಗಿತು.

ತಿರುಗದೆ ಇನ್ನೇನು? ಇಮೆಲ್ಡಾಳ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತಿತ್ತು. ಕಾಲೇಜು ಮೇಷ್ಟ್ರಾದ ಓಸ್ವಾಲ್ಡ್ ಹಳೆಯ ಕಾವ್ಯವೊಂದನ್ನು ಕೊಂಕಣಿಗೆ ತರುತ್ತಿದ್ದ. ಅರ್ಥ ಹೇಳಲು ರತ್ನಾವತಿ ಬರುತ್ತಿದ್ದಳು. ಅವಳು ಬಂದರೆ ಅವನ ಮುಖ ಕೆಂಪೇರುತ್ತಿತ್ತು. ಹೋದ ಮೇಲೆ ಊಟ ಸೇರುತ್ತಿರಲಿಲ್ಲ. ಪ್ರೀತಿಯಲ್ಲದೆ ಮತ್ತೇನು ಎಂದು ಇಮೆಲ್ಡಾ ಒಳಗೊಳಗೇ ಬೇಯುತ್ತಿದ್ದಳು. ಪೆಟ್ಟಿಗೆ ತಂದ ದಿನ ರತ್ನಾವತಿಯ ಮುಖದ ಮೇಲೇ, “ನಿಮ್ಮ ಬಟ್ಟೆಬರೆ ನನ್ನ ಮನೆಯಲ್ಲಿ ಬೇಡ” ಎಂದೂ ಅಂದಿದ್ದಳು.

*

ಸಬ್ ಇನ್ಸ್‌ಪೆಕ್ಟರ್ ಉಮಾನಾಥ ಮರುದಿನ ಬೆಳಿಗ್ಗೆ ಕಾಪುವಿಗೆ ಬಂದರು. ಜೊತೆಗೆ ರತ್ನಾವತಿ. ಮೇಜಿನ ಮೇಲೆ ಆ ರೇಷ್ಮೆ.

“ಹಳೆ ಸಾಮಾನು ಕೊಳ್ಳುವ ಭುಜಂಗ ಆ ದುಕೂಲಕ್ಕೆ ಆಸೆಪಟ್ಟಿದ್ದನಂತೆ?” ಎಂದು ಇಮೆಲ್ಡಾ ಕೇಳಿದಳು.

“ವಿಚಾರಿಸಿದೆವು. ಕಾಲು ಮುರಿದುಕೊಂಡು ಹೋದ ವಾರದಿಂದ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಕಪಾಟಿನ ಕೀಲಿ ಯಾರ ಹತ್ತಿರ ಉಂಟು?”

“ನನ್ನ ಸೊಂಟದಲ್ಲಿ. ಸ್ನಾನಕ್ಕೆ ಹೋಗುವಾಗ ಮಾತ್ರ ದಿಂಬಿನಡಿ ಇಡುತ್ತೇನೆ.”

ಓಸ್ವಾಲ್ಡ್ ಗಂಟಲು ಸರಿಪಡಿಸಿಕೊಂಡ. “ಸರ್, ಇವಳಿಗೆ ಸ್ವಲ್ಪ ಮತ್ಸರ ಉಂಟು. ಹೆಂಗಸರ ಬುದ್ಧಿ. ದೊಡ್ಡದು ಮಾಡಬೇಡಿ.”

ಇಮೆಲ್ಡಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಗಂಡನೇ ಕಳ್ಳಿ ಅಂದ ಮೇಲೆ ಊರಿನಲ್ಲಿ ತಲೆಯೆತ್ತುವುದು ಹೇಗೆ?

ಅವಳು ರತ್ನಾವತಿಯ ಕಡೆ ತಿರುಗಿದಳು. “ನಿಮ್ಮ ಬಟ್ಟೆ ಹೇಗಿತ್ತು?”

“ನಾರಿನದು. ಗಿಡದ ತೊಗಟೆಯ ನಾರು. ನಮ್ಮ ಮನೆಯಲ್ಲಿ ಹುಳು ಕೊಂದು ತೆಗೆದ ರೇಷ್ಮೆ ಉಟ್ಟು ಬಸದಿಗೆ ಹೋಗುವುದಿಲ್ಲ. ಕಾವ್ಯದಲ್ಲಿ ರಾಜ ದುಕೂಲ ಉಟ್ಟು ಬಸದಿಗೆ ಹೋದ ಅಂದರೆ ಅದು ನಾರುಮಡಿಯೇ. ನಿಮ್ಮವರು ಕೊಂಕಣಿಯಲ್ಲಿ ರೇಷ್ಮೆ ಅಂತ ಬರೆದಿದ್ದಾರೆ. ಸಭೆಯಲ್ಲಿ ಬಟ್ಟೆಯನ್ನೇ ತೋರಿಸುತ್ತೇನೆ ಅಂದಿದ್ದೆ.”

ಇಮೆಲ್ಡಾ ರೇಷ್ಮೆಯನ್ನು ಎತ್ತಿ ಮೂಸಿದಳು. ನುಸಿಗುಳಿಗೆಯ ವಾಸನೆ. ಒಂದು ಅಂಚಿಗೆ ಸಾಲಾಗಿ ಸೂಜಿಯ ತೂತು. ಜರಿಯಂಚು ಬಿಚ್ಚಿದ ಗುರುತು. ಇನ್ನೊಂದು ಅಂಚಿನಲ್ಲಿ ಹೊಸದಾಗಿ ಕತ್ತರಿಸಿದ ಗೆರೆ.

“ನೀವು ಬಟ್ಟೆಗೆ ನುಸಿಗುಳಿಗೆ ಇಡುತ್ತೀರಾ?”

“ಇಲ್ಲಪ್ಪ. ಬೇವಿನ ಎಲೆ ಮಾತ್ರ.”

“ನಾನೂ ಇಡುವುದಿಲ್ಲ, ತಲೆನೋವು ಬರುತ್ತದೆ,” ಎಂದಳು ಇಮೆಲ್ಡಾ. “ಈ ಮನೆಯಲ್ಲಿ ಆ ವಾಸನೆ ಇರುವುದು ಒಂದೇ ಕಡೆ. ತೀರಿಹೋದ ಅತ್ತೆ ಅಪೊಲೋನಿಯಾರ ಟ್ರಂಕಿನಲ್ಲಿ. ಅವರು ಮದುವೆಗೆ ಉಟ್ಟ ಬಿಳಿ ರೇಷ್ಮೆ ಸೀರೆ ಅದರಲ್ಲಿ ಉಂಟು. ಕೀಲಿ ಅವರ ಮಗನ ಹತ್ತಿರ, ನನ್ನ ಗಂಡನ ಹತ್ತಿರ.”

ಓಸ್ವಾಲ್ಡ್ ಎದ್ದು ನಿಂತ. “ಇಮೆಲ್ಡಾ, ಎಂತ ಮಾತು ಇದು?”

“ಇನ್ಸ್‌ಪೆಕ್ಟರೇ, ನನಗೆ ರತ್ನಾವತಿಯವರ ಮೇಲೆ ಮತ್ಸರ ಇದ್ದದ್ದು ನಿಜ. ನಾನಾಗಿದ್ದರೆ ಬಟ್ಟೆಯನ್ನು ಒಲೆಗೆ ಹಾಕಿ ಖಾಲಿ ಪೆಟ್ಟಿಗೆ ಕೊಡುತ್ತಿದ್ದೆ. ಕಳ್ಳನಾದರೆ ಬಟ್ಟೆ ಒಯ್ದು ಪೆಟ್ಟಿಗೆ ಖಾಲಿ ಬಿಡುತ್ತಿದ್ದ. ಅದರ ಜಾಗದಲ್ಲಿ ರೇಷ್ಮೆ ಇಡುವ ಕಷ್ಟ ಯಾರಿಗೆ ಬೇಕು? ದುಕೂಲ ಅಂದರೆ ರೇಷ್ಮೆಯೇ ಆಗಬೇಕಾದವರಿಗೆ.”

ಉಮಾನಾಥ ಕೈ ಚಾಚಿದರು. “ಕೀಲಿ ಕೊಡಿ, ಮೇಷ್ಟ್ರೇ.”

*

ಟ್ರಂಕಿನಲ್ಲಿ ಅರ್ಧ ಸೀರೆ ಇತ್ತು. ಅದರಡಿಯಲ್ಲಿ ಜೇನಿನ ಬಣ್ಣದ, ಒರಟಾದ ನಾರಿನ ಉತ್ತರೀಯ. ರತ್ನಾವತಿ ಅದನ್ನು ಎದೆಗೊತ್ತಿಕೊಂಡು ಅತ್ತಳು.

“ಸುಡಲು ಮನಸ್ಸು ಬರಲಿಲ್ಲ,” ಎಂದ ಓಸ್ವಾಲ್ಡ್. ಅವನ ಮುಖ ಮತ್ತೆ ಕೆಂಪೇರಿತ್ತು. “ಆ ಕಾವ್ಯದ ಮೇಲೆ ವರ್ಷಗಟ್ಟಲೆ ಕಣ್ಣು ಕಳೆದುಕೊಂಡವನು ನಾನು. ಇವರು ಬಂದು ಕೂತು ಒಂದು ಮಾತಿನಲ್ಲಿ ನನ್ನನ್ನು ದಡ್ಡ ಮಾಡುತ್ತಿದ್ದರು. ಪ್ರತಿ ಸಲ ಇವರದೇ ಸರಿ! ಇವರ ನೆರಳು ಕಂಡರೆ ಮೈ ಉರಿಯುತ್ತಿತ್ತು.”

ಇಮೆಲ್ಡಾಳಿಗೆ ಒಂದು ಗಳಿಗೆ ಖುಷಿಯೇ ಆಯಿತು. ಅದು ಪ್ರೀತಿ ಆಗಿರಲಿಲ್ಲ. ಅವನದೂ ತನ್ನಂಥದೇ ಹೊಟ್ಟೆಕಿಚ್ಚು.

“ನನ್ನ ಬಟ್ಟೆ ಸಿಕ್ಕಿತು. ದೂರು ಬೇಡ,” ಎಂದಳು ರತ್ನಾವತಿ.

ಓಸ್ವಾಲ್ಡನಿಗೆ ಹೋದ ಜೀವ ಬಂದಂತಾಯಿತು. “ಇಮೆಲ್ಡಾ, ಈ ವಿಷಯ ಮನೆಯೊಳಗೇ ಇರಲಿ, ಆಯ್ತಾ?”

“ಮತ್ತೆ ಊರಿನವರಿಗೆ ಕಳ್ಳಿ ಯಾರು? ನಾನೇ ಅಲ್ವಾ?”

ಅವನು ಬಗ್ಗಿ ಟ್ರಂಕಿನ ಮುಚ್ಚಳ ಮುಚ್ಚಿದ.

“ನೀವು ಇವರನ್ನು ಪ್ರೀತಿಸಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಒಂದು ಶಬ್ದ ಉಳಿಸಿಕೊಳ್ಳಲಿಕ್ಕೆ ನನ್ನನ್ನು ಪೊಲೀಸರಿಗೆ ಕೊಟ್ಟಿರಿ. ಉಡುಪಿಯ ಅದೇ ಸಭೆಯಲ್ಲಿ ಎದ್ದು ನಿಂತು ನಿಜ ಹೇಳಿ. ಹೇಳಿದ ಮೇಲೆ ನನ್ನನ್ನು ಕರೆಯಲು ಬನ್ನಿ.”

ಸಂಜೆಯ ಬಸ್ಸಿಗೆ ಅವಳು ಶಿರ್ವದ ತವರಿಗೆ ಹೊರಟಳು. ಕಪಾಟಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟಿದ್ದಳು.