ತುಟಿ ಅಷ್ಟ ಅಲ್ಲಾಡಸು, ಪಿಂಕಿ

"ಮೃಣಾಲಿನಿ ಟೀಚರ್ ಅಂದ್ರ ಯಾರ್ರೀ ಇಲ್ಲೆ?"

ಹನ್ನೊಂದು ಮಕ್ಕಳ 'ಸಾ...' ಒಂದೇ ಏಟಿಗೆ ನಿಂತುಹೋಯಿತು.

ಮಲ್ಕಾಜ್‌ಗಿರಿಯ ಆ ಎರಡನೇ ಮಹಡಿಯ ಮನೆಯ ಬಾಗಿಲಲ್ಲಿ, ಮಕ್ಕಳ ಚಪ್ಪಲಿ ಬೂಟುಗಳ ರಾಶಿಯ ಆಚೆ, ಒಬ್ಬ ಎತ್ತರದ ಗಂಡಸು ನಿಂತಿದ್ದ. ಕೊರಳಲ್ಲಿ ಇನ್ನೂ ಕಾರ್ಖಾನೆಯ ಗುರುತಿನ ಚೀಟಿ. ಹಣೆಯ ಮೇಲೆ ಬೆವರು. ಕಣ್ಣಲ್ಲಿ... ಅಬ್ಬಾ, ಆ ಕಣ್ಣು!

ಹಾರ್ಮೋನಿಯಂ ಹಿಂದೆ ಕೂತಿದ್ದ ಮೃಣಾಲಿನಿ ಕೈ ತೆಗೆಯಲಿಲ್ಲ.

"ನಾನೇ. ಕ್ಲಾಸ್ ನಡದದ. ಆಮ್ಯಾಲೆ ಬರ್ರಿ."

"ಆಮ್ಯಾಲೆ ಆಗಂಗಿಲ್ರಿ. ನಾ ಶಿವಪ್ರಕಾಶ. ಪಿಂಕಿ ಸೋದರಮಾವ. ಒಂದ ಮಾತು ಕೇಳಾಕ ಬಂದೀನಿ. ನಮ್ಮ ಹುಡುಗಿಗೆ 'ನೀ ಹಾಡಬ್ಯಾಡ, ತುಟಿ ಅಷ್ಟ ಅಲ್ಲಾಡಸು' ಅಂದೀರಂತ. ಖರೇ ಏನು?"

ಪಿಂಕಿ. ಆರು ವರ್ಷದ ಪುಟ್ಟ ಹುಡುಗಿ. ನಾಲ್ಕು ದಿನದಿಂದ ಕ್ಲಾಸಿಗೆ ಬಂದಿರಲಿಲ್ಲ.

"ಅಂದೀನಿ," ಎಂದಳು ಮೃಣಾಲಿನಿ. "ನಾಂಪಲ್ಲಿಯೊಳಗ ಸಂಕ್ರಾಂತಿ ಕಾರ್ಯಕ್ರಮಕ್ಕ ಇನ್ನ ಆರ ವಾರ ಉಳದದ. ಹನ್ನೆರಡು ಮಕ್ಕಳು ಒಂದ ಶ್ರುತಿಯೊಳಗ ಹಾಡಬೇಕು. ನಿಮ್ಮ ಹುಡುಗಿ ಪ್ರತಿ ಸಲ ಶ್ರುತಿ ಬಿಟ್ಟು ಮ್ಯಾಲೆ ಹೋಗ್ತಾಳ. ಉಳದವ್ರನ್ನೂ ಎಳಕೊಂಡು ಹೋಗ್ತಾಳ. ಅದಕ್ಕ ಅಂದೆ."

"ಆರು ವರ್ಷದ ಕೂಸಿಗೆ?"

"ನನಗೂ ಆರು ವರ್ಷಕ್ಕ ಹಂಗ ಅಂದಿದ್ರು. ನಾ ಏನ್ ಸತ್ತಿಲ್ಲ."

"ಸತ್ತಿಲ್ಲ, ಖರೇ. ಆದ್ರ ಹಾಡ್ತೀರೇನು?"

ಮೃಣಾಲಿನಿಯ ಬೆರಳು ಕೀ ಮೇಲೆ ಜಾರಿ ಒಂದು ಅಪಸ್ವರ ಹೊರಟಿತು. ಮೂಲೆಯಲ್ಲಿದ್ದ ಋಷಭ್ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದ: "ಅಂಕಲ್ ಭಾಳ ಗುಸ್ಸಾದಾಗ ಅದಾರ..."

"ನಾಕ ದಿನಾತ್ರಿ!" ಶಿವಪ್ರಕಾಶನ ಧ್ವನಿ ಏರಿತು. "ಉಪ್ಪಿಟ್ಟು ಬೇಕೋ ದ್ವಾಸಿ ಬೇಕೋ ಅಂದ್ರ ತುಟಿ ಅಲ್ಲಾಡಸ್ತಾಳ. ನಮ್ಮಕ್ಕ ಅನುರಾಧಾ ನರ್ಸು, ವಾರ್ಡಿನಿಂದ ಫೋನ್ ಮಾಡ್ತಾಳ. ಪಿಂಕಿ ತುಟಿ ಅಲ್ಲಾಡಸ್ತಾಳ. ಅಕ್ಕ 'ಹಲೋ, ಹಲೋ, ನಿನ್ನ ಫೋನ್ ಕೆಟ್ಟೈತೇನೋ ತಮ್ಮಾ' ಅಂತಾಳ. ಏನ್ ಹೇಳ್ಲಿ ಅಕಿಗೆ? ಫೋನ್ ಅಲ್ಲವ್ವಾ, ನಿನ್ನ ಮಗಳ ಧ್ವನಿ ಕೆಡಿಸ್ಯಾರ ಅಂತ ಹೇಳ್ಲ್ಯಾ?"

ಮೃಣಾಲಿನಿಯ ಎದೆಯಲ್ಲಿ ಏನೋ ಕಳಕ್ಕೆಂದಿತು. ಆದರೆ ಹನ್ನೊಂದು ಜೊತೆ ಪುಟ್ಟ ಕಣ್ಣುಗಳು ಅವಳನ್ನೇ ನೋಡುತ್ತಿದ್ದವಲ್ಲ! ಆ ಅವಮಾನ ಎಲ್ಲವನ್ನೂ ಮುಚ್ಚಿಬಿಟ್ಟಿತು.

"ನಾಟಕ ಅದು. ಮಕ್ಕಳು ನಾಟಕ ಮಾಡ್ತಾವ."

ಅಂದ ಕೂಡಲೇ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ತಡವಾಗಿತ್ತು.

ಅವನು ಕಪಾಟಿನ ಮೇಲಿದ್ದ ಪಿಂಕಿಯ ನೋಟ್‌ಬುಕ್ ಎತ್ತಿಕೊಂಡ. ತಿರುಗುವಾಗ ಕಾಲು ತಾಗಿ ಬೂಟುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅಷ್ಟು ಸಿಟ್ಟಿನಲ್ಲೂ ಬಗ್ಗಿದ. ಒಂದೊಂದೇ ಹುಡುಕಿ, ಜೋಡಿ ಜೋಡಿ ಮಾಡಿ, ಗೋಡೆಗೆ ಸಾಲಾಗಿ ಇಟ್ಟು ಹೋದ.

ಅದನ್ನು ನೋಡಿ ಮೃಣಾಲಿನಿಗೆ ಇನ್ನೂ ಸಿಟ್ಟು ಬಂತು. 'ಬೈದು ಹೋಗುವವನು ಪೂರ್ತಿ ಕೆಟ್ಟವನಾಗಿಯೇ ಹೋಗಬಾರದೇ!'

ಅವಳ ಹಾರ್ಮೋನಿಯಂ ಅಜ್ಜಿ ಕೃಷ್ಣಾಬಾಯಿಯದು. ನಾಲ್ಕನೇ ಕಪ್ಪು ಕೀ ಮೇಲೆ ಕೆಂಪು ನೇಲ್ ಪಾಲಿಶಿನ ಚುಕ್ಕಿ. ಅದೇ ಆ ಮನೆಯ 'ಸಾ'. ಅಜ್ಜಿ ಆ ಚುಕ್ಕಿಯ ಮೇಲೆ ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ್ದಳು. ಈಗ ಮೊಮ್ಮಗಳಿಗೆ ಮುಂಜಾನೆ ಶಾಲೆಯ ಕೆಲಸ, ಸಂಜೆ ಅದೇ ಚುಕ್ಕಿ. ಮಳೆ ಬರಲಿ, ಕರೆಂಟ್ ಹೋಗಲಿ, ಮಗು ಐದು ವರ್ಷದ್ದಿರಲಿ, ಹನ್ನೆರಡರದ್ದಿರಲಿ... ಚುಕ್ಕಿ ಅಲ್ಲಾಡಿದ್ದಿಲ್ಲ.

ಮೃಣಾಲಿನಿ ಎಲ್ಲವನ್ನೂ ನುಡಿಸಿ ತೋರಿಸುತ್ತಿದ್ದಳು. ಬಾಯಿಬಿಟ್ಟು ಹಾಡಿ ತೋರಿಸಿದ್ದು ಮಾತ್ರ ಯಾರೂ ಕಂಡಿಲ್ಲ.

'ಹಾಡ್ತೀರೇನು?' ಅಂದನಲ್ಲ... ಹೇಗೆ ಗೊತ್ತಾಯಿತು ಅವನಿಗೆ?

ವಾರದೊಳಗೆ ತಾಯಂದಿರ ಗ್ರೂಪಿನಲ್ಲಿ ಋಷಭ್‌ನ ಅಮ್ಮ ಸಪ್ನಾಳ ಮೆಸೇಜ್ ಬಂತು. 'ಪಿಂಕಿ ಮನೆಯವರು ಹೇಳುತ್ತಿದ್ದಾರಂತೆ, ಈ ಟೀಚರ್ ಮಕ್ಕಳ ಬಾಯಿ ಮುಚ್ಚಿಸುತ್ತಾರೆ ಅಂತ. ನಿಜವೇ?' ಮರುದಿನ ಸಾಲಿನಲ್ಲಿ ನಾಲ್ಕು ಜೊತೆ ಬೂಟು ಕಡಿಮೆ.

"ನೋಡಜ್ಜಿ! ಮನಿ ಮನಿಗೆ ಹೇಳ್ಕೋತ ಹೊಂಟಾನ!"

ಅಜ್ಜಿ ಅವರೆಕಾಯಿ ಬಿಡಿಸುತ್ತ, "ಅಂವಾ ಏನು... ಎರಡ ಸಲ ಬಂದಿದ್ದ. ನೀ ಸಾಲಿಗೆ ಹೋದಾಗ. ಏನೋ ಫೋನ್ ತೋರಸ್ತೀನಿ ಅಂದ. ನಾ ಬಾಗಲಾ ಹಾಕಿದೆ," ಎಂದಳು, ಬಹಳ ಸಮಾಧಾನವಾಗಿ.

"ಬಂದಿದ್ನಾ? ಮತ್ತ್ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲಲ್ಲ."

ಭಾನುವಾರ ಮುಂಜಾನೆಯೇ ಮೃಣಾಲಿನಿ ಪಿಂಕಿಯ ಫಾರ್ಮಿನಲ್ಲಿದ್ದ ವಿಳಾಸ ಹಿಡಿದು ಆಟೋ ಹತ್ತಿದಳು. ಕುಷಾಯಿಗೂಡದ ತನಕ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈಗುಳ ಜೋಡಿಸಿಕೊಂಡಳು. ಒಂದು, ಗ್ರೂಪಿನ ಮಾತು. ಎರಡು, ಮಕ್ಕಳ ಮುಂದೆ ಒದರಿದ್ದು. ಮೂರು...

ಮೂರನೆಯದು ನೆನಪಾಗುವ ಮೊದಲೇ, ಪಿಂಕಿಯ ಮನೆಯ ಮುಂದೆ ಕಾಲು ನಿಂತವು.

ಅರೆ ತೆರೆದ ಬಾಗಿಲೊಳಗಿಂದ ಒಂದು ಧ್ವನಿ ಬರುತ್ತಿತ್ತು.

*ಎಳ್ಳು ಬೆಲ್ಲ ಕೈಗೆ ಬಂತು, ಗಾಳಿಪಟ ಮ್ಯಾಲೆ ಹೋತು...*

ಮಕ್ಕಳಿಗೆಂದು ಮೃಣಾಲಿನಿಯೇ ಕಟ್ಟಿದ ಹಾಡು ಅದು. ಆದರೆ ಇಷ್ಟು ಎತ್ತರದಲ್ಲಿ? ತೆಳ್ಳಗೆ, ತಿಳಿಯಾಗಿ, ಹೊಸ ಸ್ಟೀಲ್ ಲೋಟಕ್ಕೆ ಚಮಚ ತಾಗಿದಂತೆ! 'ಗಾಳಿಪಟ' ಅನ್ನುವಲ್ಲಿ ಆ ಧ್ವನಿ ಮೇಲೇರಿ, ಅಲ್ಲೇ ಒಂದು ಕ್ಷಣ ನಿಂತು, ನಕ್ಕು ಇಳಿಯಿತು.

ಒಂದೇ ಒಂದು ಸ್ವರ ಅತ್ತಿತ್ತ ಆಗಲಿಲ್ಲ.

'ಪಿಂಕಿ...?'

ಬಾಗಿಲು ತೆರೆದದ್ದು ಶಿವಪ್ರಕಾಶನ ತಾಯಿ ಸಾವಿತ್ರಿಬಾಯಿ. "ಯಾರವ್ವಾ? ಅಯ್ಯ, ಅಳಾಕತ್ತೀಯಲ್ಲ! ಒಳಗ ಬಾ, ಚಾ ಕುಡಿ ಮೊದಲ."

ಒಳಗೆ ಶಿವಪ್ರಕಾಶ ನೆಲದ ಮೇಲೆ ಕೂತಿದ್ದ. ಮುಂದೆ ಫೋನು, ಅದರಲ್ಲಿ ತಂಬೂರಿಯ ನಾದ. ಪಕ್ಕದಲ್ಲಿ ಎರಡು ಜಡೆಯ ಪಿಂಕಿ. ಮೃಣಾಲಿನಿಯನ್ನು ಕಂಡರೂ ಹುಡುಗಿ ಹಾಡು ನಿಲ್ಲಿಸಲಿಲ್ಲ. ಹಾಡುತ್ತಲೇ ಇದ್ದಳು.

ಬರೀ ತುಟಿಯಲ್ಲಿ!

ಧ್ವನಿ ಮಾತ್ರ ಯಾರೋ ಸ್ವಿಚ್ ಆರಿಸಿದಂತೆ ಹೋಗಿಬಿಟ್ಟಿತ್ತು. ಟೀಚರ್ ಹೇಳಿದ ಪಾಠವನ್ನು ಟೀಚರ್ ಮುಂದೆ ಅಚ್ಚುಕಟ್ಟಾಗಿ ಒಪ್ಪಿಸುತ್ತಿತ್ತು ಆ ಕೂಸು.

ಮೃಣಾಲಿನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಆ ಸಿಟ್ಟೆಲ್ಲ ಎದುರಿಗಿದ್ದವನ ಮೇಲೆ ಹೊರಟಿತು.

"ಯಾವ ಶ್ರುತಿ ಅದು? ಎಲ್ಲಿ ಹಚ್ಚೀರಿ?"

"ನನಗೇನ್ ಗೊತ್ರೀ ಶ್ರುತಿ ಗಿತಿ! ಕಾರ್ಖಾನ್ಯಾಗ ಮಶೀನು ಪರೀಕ್ಷಾ ಮಾಡ್ತೀನಿ. ಸಿಗ್ನಲ್ ಸಿಗಲಿಲ್ಲಂದ್ರ ಸಿಗೋತನಕ ತಿರುವೋದು, ಅಷ್ಟ ಗೊತ್ತು. ಈ ತಂಬೂರಿನೂ ಮ್ಯಾಲೆ ಮ್ಯಾಲೆ ತಿರುವಿಕೋತ ಹೋದೆ. ಒಂದ ಕಡೆ ಬಂದಾಗ ಇಕಿ ಬಾಯಿ ಬಿಟ್ಲು. ಅಲ್ಲೇ ಬಿಟ್ಟೆ."

ಮೃಣಾಲಿನಿ ಫೋನ್ ನೋಡಿದಳು. ತನ್ನ ಕೆಂಪು ಚುಕ್ಕಿಗಿಂತ ಎಷ್ಟೋ ಮೇಲೆ! ಪಿಂಕಿ ಶ್ರುತಿ ಬಿಟ್ಟು ಹೋಗಿರಲೇ ಇಲ್ಲ. ತನ್ನ ಗಂಟಲಿನ ಶ್ರುತಿ ಹುಡುಕಿಕೊಂಡು ಹೋಗಿದ್ದಳು. ದೊಡ್ಡವರ ತಗ್ಗಿನ ಶ್ರುತಿಯಲ್ಲಿ ಅವಳ 'ಸಾ' ಹುಟ್ಟುವುದೇ ಇಲ್ಲವಲ್ಲ... ಇಷ್ಟು ವರ್ಷ ಕಲಿಸಿದೆ, ಇಷ್ಟು ತಿಳಿಯಲಿಲ್ಲವೇ ನನಗೆ?

"ಮತ್ತ ಇದನ್ನ ನನಗ್ಯಾಕ ಹೇಳಲಿಲ್ಲ? ಊರಿಗೆಲ್ಲ ಹೇಳಿದ್ರಿ!"

"ಹೇಳಾಕ ಎರಡ ಸಲ ಬಂದ್ರ ನಿಮ್ಮಜ್ಜಿ ಮಕಕ್ಕ ಬಾಗಲಾ ಬಡದ್ರು! ಊರಿಗೆ ನಾ ಹೇಳಿಲ್ರಿ. ಹನ್ನೊಂದು ಹುಡುಗರ ಮುಂದ ಒದರಿದೆ, ಹನ್ನೊಂದು ಮನಿಗೆ ಮುಟ್ಟೈತಿ." ಅವನ ಧ್ವನಿ ಸ್ವಲ್ಪ ಇಳಿಯಿತು. "ಅದು ನನ್ನ ತಪ್ಪು. ಅದಕ್ಕ ಮಾಫಿ ಕೇಳ್ತೀನಿ. ಉಳದದ್ದಕ್ಕ ಕೇಳಂಗಿಲ್ಲ."

"ಕೇಳಬ್ಯಾಡ್ರಿ!" ಅವಳು ಎದ್ದಳು. "ನಾಳೆ ಸಂಜಿಗೆ ಪಿಂಕಿನ ಕರಕೊಂಡು ಬರ್ರಿ. ಅಕಿ ಧ್ವನಿ ಕಳದಾಕಿ ನಾ. ಹುಡುಕಿ ಕೊಡಾಕಿನೂ ನಾನೇ."

"ಕೊಡಲಿಲ್ಲಂದ್ರ?"

"ಹಾರ್ಮೋನಿಯಂ ಮುಚ್ಚಿಬಿಡ್ತೀನಿ. ಮತ್ತೆಂದೂ ಕಲಸಂಗಿಲ್ಲ."

ಸಾವಿತ್ರಿಬಾಯಿ ಚಹಾ ಹಿಡಿದು ನಿಂತಿದ್ದಳು. "ಇಬ್ರೂ ಕುಂತು ಜಗಳಾಡ್ರಲಾ! ಆರಾಕತ್ತೇತಿ ಚಾ."

ಮನೆಗೆ ಬಂದ ಮೃಣಾಲಿನಿ ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಸುರಿದು ಕಪ್ಪು ಕೀಯನ್ನು ಗಸಗಸ ಉಜ್ಜತೊಡಗಿದಳು.

"ಏನ್ ಮಾಡ್ಲಿಕ್ಕತ್ತೀಯ? ನನ್ನ ಚುಕ್ಕಿ ಅದು!" ಅಜ್ಜಿ ಓಡಿ ಬಂದಳು.

"ಹೌದಜ್ಜಿ, ನಿನ್ನ ಚುಕ್ಕಿ! ನಿನ್ನ ಗಂಟಲಕ್ಕ ಹಚ್ಚಿದ ಚುಕ್ಕಿ! ಅದರ ಮ್ಯಾಲೆ ಎಷ್ಟು ಕೂಸುಗಳನ್ನ ಕೂಡಿಸಿದಿ? ನನಗ ಆರು ವರ್ಷ ಇತ್ತು. 'ಬರಂಗಿಲ್ಲ ಅಂದ್ರ ಬಾಯಿ ಮುಚ್ಚಿಕೊಂಡು ಕೂಡು' ಅಂದಿ. ಇವತ್ತಿಗೂ ಬಾಯಿ ಮುಚ್ಚಿಕೊಂಡೇ ಕೂತೀನಿ!"



ಕೃಷ್ಣಾಬಾಯಿ ಮೊಮ್ಮಗಳ ಕೈಯಿಂದ ಹತ್ತಿ ತೆಗೆದುಕೊಂಡಳು. ಉಳಿದ ಕೆಂಪನ್ನು ತಾನೇ ಒರೆಸಿದಳು.

"ನನಗೂ ಯಾರೂ ಹೇಳಲಿಲ್ಲವ್ವಾ," ಅಂದಳು. "ನಮ್ಮ ಗುರುಗಳ 'ಸಾ'ನೂ ಅಲ್ಲೇ ಇತ್ತು."

ಮರುದಿನದಿಂದ ಶಿವಪ್ರಕಾಶ ಕೆಲಸ ಮುಗಿಸಿ ನೇರ ಬರತೊಡಗಿದ. ಪಿಂಕಿಯನ್ನು ಒಳಗೆ ಬಿಟ್ಟು ಮೆಟ್ಟಿಲ ಮೇಲೆ ಕೂತು ಮಕ್ಕಳ ಬೂಟು ಜೋಡಿಸುತ್ತಿದ್ದ. ಮೃಣಾಲಿನಿ ಶ್ರುತಿ ಏರಿಸಿದ್ದಳು. ಸಪ್ಪಗಿದ್ದ ಹಾಡು ಮೈಮುರಿದು ಎದ್ದಿತು! ಸಪ್ನಾ ಬಾಗಿಲಲ್ಲಿ ನಿಂತು ಕೇಳಿ, ಋಷಭ್‌ನನ್ನು ಮತ್ತೆ ಕಳಿಸಿದಳು. ಬಿಟ್ಟುಹೋದ ಉಳಿದ ಮೂವರೂ ಬಂದರು.

ಪಿಂಕಿ ಮಾತ್ರ... ಆ ಮನೆಯ ಹೊಸ್ತಿಲು ದಾಟಿದರೆ ಬರೀ ತುಟಿ.

"ಮೂರ ವಾರ ಆತ್ರಿ," ಒಂದು ಸಂಜೆ ಅವನು ಮೆಟ್ಟಿಲ ಮೇಲೆ ತಡೆದ. "ಮನ್ಯಾಗ ಹಾಡ್ತಾಳ. ನಿಮ್ಮ ಮುಂದ ಇಲ್ಲ. ಬಿಡ್ರಿ ಇನ್ನ."

"ನೀವು ಮಶೀನು ಮೂರ ವಾರಕ್ಕ ಬಿಟ್ಟುಬಿಡ್ತೀರೇನು?"

"ಮಶೀನಿಗೆ ನೋವಾಗಂಗಿಲ್ರಿ!"

"ನನಗ ಆಗ್ತದ!" ಮೃಣಾಲಿನಿಯ ಧ್ವನಿ ಒಡೆಯಿತು. "ದಿನಾ ಅಕಿ ತುಟಿ ನೋಡಿದಾಗೆಲ್ಲ ಆಗ್ತದ. ನೀವು ಇಲ್ಲಿ ಕೂತು ಈ ಬೂಟು ಜೋಡಸ್ತೀರಲ್ಲ, ಅದನ್ನ ನೋಡಿದ್ರೂ ಆಗ್ತದ! ಯಾಕ ಜೋಡಸ್ತೀರಿ? ಯಾರ್ ಹೇಳ್ಯಾರ ನಿಮಗ?"

ಅವನು ಕೈಯಲ್ಲಿದ್ದ ಪುಟ್ಟ ಬೂಟನ್ನು ನೋಡಿದ. ಅವಳನ್ನು ನೋಡಿದ. ಬೂಟನ್ನು ಅದರ ಜೋಡಿಯ ಪಕ್ಕ ಮೆಲ್ಲಗೆ ಇಟ್ಟ.

ಕಾರ್ಯಕ್ರಮಕ್ಕೆ ನಾಲ್ಕೇ ದಿನ. ಮೃಣಾಲಿನಿ ಆ ಸಂಜೆ ಹಾರ್ಮೋನಿಯಂ ಹಿಂದಿನಿಂದ ಎದ್ದಳು. ಪಿಂಕಿಯನ್ನು ಎತ್ತಿ ತನ್ನ ಜಾಗದಲ್ಲಿ ಕೂಡಿಸಿ, ತಾನು ಮಕ್ಕಳ ಸಾಲಿನಲ್ಲಿ, ಋಷಭ್‌ನ ಪಕ್ಕ, ಚಕ್ಕಳಮಕ್ಕಳ ಹಾಕಿ ಕೂತಳು.

"ಇವತ್ತ ಪಿಂಕಿ ಟೀಚರ್. ನಾ ಹಾಡ್ತೀನಿ. ತಪ್ಪಾದ್ರ ಬೈಬೇಕು."

ಮಕ್ಕಳು ಹೋ ಎಂದರು. ಹಾಡು ಶುರುವಾಯಿತು. ಮೃಣಾಲಿನಿ ಬಾಯಿ ದೊಡ್ಡದಾಗಿ ತೆರೆದು, ತಲೆದೂಗಿ, ಕೈ ಆಡಿಸಿ... ಬರೀ ತುಟಿ ಅಲ್ಲಾಡಿಸಿದಳು.

ಪಿಂಕಿ ನೋಡಿದಳು. ಹುಬ್ಬು ಗಂಟಾಯಿತು. ಕೆನ್ನೆ ಉಬ್ಬಿತು. ಎಷ್ಟು ವಾರದ ಸಿಟ್ಟೋ!

"ಟೀಚರ್!"

ಬಾಗಿಲಲ್ಲಿ ಶಿವಪ್ರಕಾಶ ಎದ್ದು ನಿಂತ.

"ಟೀಚರ್, ತುಟಿ ಅಷ್ಟ ಅಲ್ಲಾಡಸಬ್ಯಾಡ್ರಿ! ಹಾಡ್ರಿ! ಹಂಗ ಮಾಡಿದ್ರ ನಮಗ ಕೆಟ್ಟ ಅನಸ್ತೈತಿ!"

ಮೃಣಾಲಿನಿಯ ಕಣ್ಣು ತುಂಬಿದವು. "ತಪ್ಪಾತು ಟೀಚರ್. ನನಗ ಅಷ್ಟ ಮ್ಯಾಲೆ ಬರಂಗಿಲ್ಲ..."

"ಬರದಿದ್ರ ಏನಾತು? ನಾ ಹಾಡ್ತೀನಿ, ನನ್ನ ಹಿಂದ ಬರ್ರಿ."

ಅಂದವಳೇ ಹಾಡಿದಳು. *ಗಾಳಿಪಟ ಮ್ಯಾಲೆ ಹೋತು...* ಅದರ ಹಿಂದೆ, ಇಪ್ಪತ್ತೆರಡು ವರ್ಷ ಮುಚ್ಚಿದ್ದ ಒಂದು ಗಂಟಲು, ತಡವರಿಸುತ್ತ, ಒಡೆಯುತ್ತ, ಹೊರಗೆ ಬಂತು. 'ಗಾಳಿಪಟ'ದಲ್ಲಿ ಕೀಚಲಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಒಳಕೋಣೆಯಲ್ಲಿ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕ್ಲಾಸ್ ಮುಗಿಯಿತು. ಮಕ್ಕಳೆಲ್ಲ ಹೋದರು. ಪಿಂಕಿ ಅಜ್ಜಿಯ ಬಳಿ ಚಕ್ಕುಲಿ ತಿನ್ನುತ್ತ, ಬಾಯಿ ತುಂಬ ಮಾತಾಡುತ್ತಿದ್ದಳು. ಮೆಟ್ಟಿಲ ಬಳಿ ಶಿವಪ್ರಕಾಶ ಕೊನೆಯ ಜೋಡಿಯ ಮುಂದೆ ಕೂತಿದ್ದ. ಅದು ಮೃಣಾಲಿನಿಯ ಚಪ್ಪಲಿ. ಜೋಡಿಸಿ ಆಗಿದ್ದರೂ ಮತ್ತೆ ಮತ್ತೆ ನೇರ ಮಾಡುತ್ತಿದ್ದ.

"ಇನ್ನೂ ಸಿಟ್ಟು ಅದ ಏನು?" ಅವಳು ಮೆಲ್ಲಗೆ ಕೇಳಿದಳು.

"ಐತ್ರಿ."

"ಯಾರ ಮ್ಯಾಲೆ?"

"ನನ್ನ ಮ್ಯಾಲೆ. ಒದರಾಕ ಬಂದ ದಿನಾ ಗಂಟಲಾ ಛಲೋ ಇತ್ತು. ಈಗ ಒಂದ ಮಾತು ಹೇಳಬೇಕಂದ್ರ..."

ಅವನು ತಲೆ ಎತ್ತಿದ. ತುಟಿ ಅಲ್ಲಾಡಿತು. ಧ್ವನಿ ಹೊರಡಲಿಲ್ಲ.

ಮೃಣಾಲಿನಿ ಅವನ ಪಕ್ಕ, ಅದೇ ಮೆಟ್ಟಿಲ ಮೇಲೆ ಕೂತಳು. ಸಿಟ್ಟಿನ ಹುಬ್ಬು, ನಗುವ ಕಣ್ಣು.

"ತುಟಿ ಅಷ್ಟ ಅಲ್ಲಾಡಸಬ್ಯಾಡ್ರಿ. ನನಗ ಕೆಟ್ಟ ಅನಸ್ತದ."

"ಹಂಗಾರ... ಎಲ್ಲಿಂದ ಶುರು ಮಾಡ್ಲಿ?"

"ನಿಮಗ ಎಲ್ಲಿಂದ ಬರ್ತದೋ ಅಲ್ಲಿಂದ. ನಾ ನಿಮ್ಮ ಹಿಂದ ಬರ್ತೀನಿ."